ಎರಡು ಸುರ್ಲಾ, ಒಂದು ಮೈಲಿಗಲ್ಲು: ಚೋರ್ಲಾ ರಸ್ತೆಯ ಇತಿಹಾಸ ಬರೆಯಲು ಹೊರಟವರ ಪ್ರಕರಣ

ಇದು ಗೋವಾದ ಒಂದು ಕನ್ನಡ ಸಂಘದಲ್ಲಿ ನಡೆದದ್ದು. ಸಂಘದ ಹೆಸರು, ಜನರ ಹೆಸರು ಇಲ್ಲಿ ಹಾಕಿಲ್ಲ. ಕೆಲವರ ಕೆಲಸ, ವಯಸ್ಸು ಕೂಡ ಸ್ವಲ್ಪ ಬದಲಿಸಿದ್ದೇನೆ. ರಸ್ತೆ ಮಾತ್ರ ನಿಜವಾದದ್ದು, ಅದರ ಮೇಲಿನ ಊರುಗಳೂ ನಿಜ. ನಿಮ್ಮೂರಿನ ರಸ್ತೆಯದೋ ಕೆರೆಯದೋ ಚರಿತ್ರೆ ಬರೆಯಲು ಕೂತರೆ ಇಂಥದ್ದೇ ತೊಡಕು ಎದುರಾಗಬಹುದು, ಅದಕ್ಕೇ ನಡೆದದ್ದನ್ನು ಪೂರ್ತಿ ಬರೆಯುತ್ತಿದ್ದೇನೆ.

ಹಿನ್ನೆಲೆ

ನಮ್ಮ ಸಂಘದವರು ಜಾಸ್ತಿ ಬಾಗಲಕೋಟೆ, ಗದಗ, ಕೊಪ್ಪಳ, ವಿಜಯಪುರ ಕಡೆಯವರು. ಕೆಲವರು ಗೌಂಡಿ ಕೆಲಸಕ್ಕೆ ಬಂದು ಇಲ್ಲೇ ನಿಂತವರು. ಕೆಲವರು ಡಿಚೋಲಿ, ಸಾಂಖಳಿ ಕಡೆಯ ಕಬ್ಬಿಣದ ಗಣಿಗಳಲ್ಲಿ ಲಾರಿ ಓಡಿಸಿದವರು. 2012ರಲ್ಲಿ ಗಣಿಗಾರಿಕೆ ನಿಂತಾಗ ನಮ್ಮವರಲ್ಲಿ ಒಂದಿಬ್ಬರು ಬೆಳಗಾವಿಯ ತರಕಾರಿ ಗಾಡಿ ಹಿಡಿದರು. ಗೋವಾದ ಅಡುಗೆಮನೆಗೆ ಬೇಕಾದ ತರಕಾರಿ ಬಹುಪಾಲು ಬೆಳಗಾವಿಯಿಂದಲೇ ಇಳಿಯುತ್ತದೆ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಗಿ ಗಡಿ ಮುಚ್ಚಿದಾಗ ಇಲ್ಲಿ ತರಕಾರಿಗೆ ಹೇಗೆ ಪರದಾಡಿದೆವು ಅನ್ನುವುದು ಇಲ್ಲಿದ್ದ ಎಲ್ಲರಿಗೂ ನೆನಪಿದೆ.

ನಮಗೆ ಊರಿಗೆ ಹೋಗಲು ಮುಖ್ಯವಾಗಿ ಎರಡು ಘಾಟು. ಒಂದು ಅನಮೋಡ. ಮೊದಲು 4ಎ ಅಂತಿದ್ದ, ಈಗ 748 ಆಗಿರುವ ರಾಷ್ಟ್ರೀಯ ಹೆದ್ದಾರಿ. ಇನ್ನೊಂದು ಚೋರ್ಲಾ. ಬೆಳಗಾವಿಯಿಂದ ಖಾನಾಪುರದ ಕಡೆ ಹೊರಟು, ಪಿರನವಾಡಿಯಲ್ಲಿ ಬಲಕ್ಕೆ ತಿರುಗಿ, ಕಿಣಯೆ ದಾಟಿ, ಕುಸಮಳಿಯ ಹತ್ತಿರ ಮಲಪ್ರಭೆಯ ಸೇತುವೆ ದಾಟಿ ಜಾಂಬೋಟಿ. ಅಲ್ಲಿಂದ ಕಾಡು ಶುರು. ಕಣಕುಂಬಿ, ಚೋರ್ಲಾ, ಆಮೇಲೆ ಕರ್ನಾಟಕ, ಗೋವಾ, ಮಹಾರಾಷ್ಟ್ರ ಮೂರೂ ಒಂದನ್ನೊಂದು ಮುಟ್ಟುವ ಘಟ್ಟದ ಅಂಚು. ಕೆಳಗೆ ಇಳಿದರೆ ಕೇರಿ, ಅಂಜುಣೆ ಅಣೆಕಟ್ಟು, ವಾಳವಂಟಿ ಹೊಳೆಯ ದಡದ ಸಾಂಖಳಿ.

ಕಣಕುಂಬಿಯ ಮಾವುಲಿ ದೇವಿಯ ಗುಡಿಯ ಹತ್ತಿರ ಮಲಪ್ರಭೆ ಹುಟ್ಟುತ್ತದೆ. ನಮ್ಮವರಲ್ಲಿ ಹಲವರ ಊರಿಗೆ ನೀರು ಕೊಡುವ ಹೊಳೆ ಅದು. ನವಿಲುತೀರ್ಥದ ಅಣೆಕಟ್ಟಿಗೆ ಹೋಗುವುದು, ಪಟ್ಟದಕಲ್ಲಿನ ಗುಡಿಗಳ ಬುಡದಲ್ಲಿ ಹರಿಯುವುದು, ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುವುದು ಇದೇ ನೀರು. ಅಲ್ಲಿಂದ ಬಸ್ಸು ಸ್ವಲ್ಪ ಮುಂದೆ ಹೋದರೆ ಸಾಕು, ಬಿದ್ದ ಮಳೆಯೆಲ್ಲ ಪಡುವಣಕ್ಕೆ ತಿರುಗಿ ಮಹದಾಯಿ ಸೇರುತ್ತದೆ. ಒಂದೇ ಮಳೆ, ಅರ್ಧ ಅಪ್ಪ ಅವ್ವ ಇರುವ ಊರಿಗೆ, ಅರ್ಧ ನಾವು ದುಡಿಯುವ ಊರಿಗೆ. ರಾಜ್ಯೋತ್ಸವದ ಸ್ಮರಣ ಸಂಚಿಕೆಗೆ ಈ ಸಲ ಈ ರಸ್ತೆಯ ಕಥೆಯನ್ನೇ ಬರೆಯೋಣ ಅಂತ ತೀರ್ಮಾನ ಆದದ್ದು ಇದೇ ಕಾರಣಕ್ಕೆ.

ನಾವು ಐದು ಜನ ಸೇರಿದೆವು. ತರಕಾರಿ ಗಾಡಿ ಓಡಿಸುವ ಒಬ್ಬ ಕಾಕಾ, ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಹಿರಿಯರು, ಕಿರಾಣಿ ಅಂಗಡಿಯ ಒಬ್ಬ ಗೆಳೆಯ, ಸಿವಿಲ್ ಡಿಪ್ಲೊಮಾ ಓದುತ್ತಿರುವ ಒಬ್ಬ ಹುಡುಗಿ, ಮತ್ತೆ ನಾನು.

ಮೊದಲ ಕರಡು

ಮೊದಲ ಕರಡು ಎರಡೇ ವಾರದಲ್ಲಿ ಮುಗಿಯಿತು. ಓದಲು ಚಂದ ಇತ್ತು. ಕದಂಬರು ಹಲಸಿಯಿಂದ ಗೋವಾಕ್ಕೆ ಈ ರಸ್ತೆ ಮಾಡಿಸಿದರು, ದಾರಿಯಲ್ಲಿ ಸುರ್ಲಾದಲ್ಲಿ ಮಹಾದೇವನ ಗುಡಿ ಕಟ್ಟಿಸಿದರು, ಬ್ರಿಟಿಷರು ಅದನ್ನು ಅಗಲ ಮಾಡಿದರು, ಆಮೇಲೆ ಅದು ರಾಜ್ಯ ಹೆದ್ದಾರಿ ಆಯಿತು. ಒಂದೇ ದಾರ, ಎಲ್ಲೂ ಗಂಟಿಲ್ಲ. ಸಂಘದ ಸಭೆಯಲ್ಲಿ ಓದಿದಾಗ ಚಪ್ಪಾಳೆ ಬಿತ್ತು, ಝೆರಾಕ್ಸ್ ಮಾಡಿ ಹಂಚಿದೆವು.

ಅದರಲ್ಲಿ ಒಂದು ಪ್ರತಿ ಸತ್ತರಿ ತಾಲೂಕಿನ ಒಬ್ಬ ನಿವೃತ್ತ ಮಾಸ್ತರರ ಕೈಗೆ ಹೋಯಿತು. ಕೊಂಕಣಿ ಮನೆಮಾತಿನವರು, ಧಾರವಾಡದಲ್ಲಿ ಓದಿದವರು, ಕನ್ನಡ ಚೆನ್ನಾಗಿ ಓದುತ್ತಾರೆ. ಅವರು ಫೋನ್ ಮಾಡಿ ಬಹಳ ಮೆತ್ತಗೆ ಕೇಳಿದರು, "ನೀವು ಸುರ್ಲಾದ ಗುಡಿಗೆ ಹೋಗಿದ್ದೀರಾ?" ನಮ್ಮಲ್ಲಿ ಯಾರೂ ಹೋಗಿರಲಿಲ್ಲ.

ಸುರ್ಲಾ ಅನ್ನುವ ಊರು ಒಂದೇ ಅಲ್ಲ. ಚೋರ್ಲಾ ಘಾಟಿನ ಮೇಲಿರುವ ಸುರ್ಲಾ ಸತ್ತರಿಯದು. ಕದಂಬರ ಕಾಲದ ಕರಿಕಲ್ಲಿನ ಮಹಾದೇವ ಗುಡಿ ಇರುವುದು ತಾಂಬಡಿ ಸುರ್ಲಾದಲ್ಲಿ, ಮೊಲೆಮ್ ಕಡೆಯಿಂದ ಒಳಗೆ ಹೋಗಬೇಕು, ಅಂದರೆ ಅದು ಅನಮೋಡ ಘಾಟಿನ ಬುಡ. ನಾವು ಗುಡಿಯನ್ನು ಒಂದು ಘಾಟಿನಿಂದ ಎತ್ತಿ ಇನ್ನೊಂದು ಘಾಟಿನ ಮೇಲೆ ಇಟ್ಟಿದ್ದೆವು.

ಒಂದು ತಪ್ಪು ಸಿಕ್ಕ ಮೇಲೆ ಉಳಿದ ಸಾಲುಗಳ ಮೇಲೂ ಅನುಮಾನ ಬಂತು. ಕದಂಬರು ರಸ್ತೆ ಮಾಡಿಸಿದರು ಅಂತ ಯಾರು ಹೇಳಿದರು? ಬ್ರಿಟಿಷರು ಅಗಲ ಮಾಡಿದರು ಅನ್ನುವುದಕ್ಕೆ ಏನು ಆಧಾರ? ಹುಡುಗಿ ಪ್ರತಿ ಸಾಲಿನ ಪಕ್ಕ ಪೆನ್ಸಿಲಿನಲ್ಲಿ 'ಯಾರು ಹೇಳಿದ್ದು?' ಅಂತ ಬರೆಯುತ್ತಾ ಹೋದಳು. ನಾಲ್ಕು ಪುಟದಲ್ಲಿ ಉತ್ತರ ಇದ್ದದ್ದು ಹನ್ನೊಂದು ಸಾಲಿಗೆ.

ಇಲ್ಲಿ ಮೊದಲ ಗಟ್ಟಿ ನಿರ್ಧಾರ ಆಯಿತು. ಸುರ್ಲಾದ ಸಾಲನ್ನಷ್ಟೇ ತಿದ್ದಿ ಅಚ್ಚಿಗೆ ಕೊಡೋಣ ಅಂತ ಇಬ್ಬರು, ಪೂರ್ತಿ ಬಿಟ್ಟು ಮೊದಲಿನಿಂದ ಬರೆಯೋಣ ಅಂತ ಮೂವರು. ನವೆಂಬರ್ 1ಕ್ಕೆ ಸಂಚಿಕೆ ಬರಬೇಕಿತ್ತು. ಬ್ಯಾಂಕಿನ ಹಿರಿಯರು ಹೇಳಿದರು, ಅಚ್ಚಾದ ಮೇಲೆ ನಮ್ಮ ಮಕ್ಕಳು ಇದನ್ನೇ ನಿಜ ಅಂತ ಓದುತ್ತಾರೆ, ಅವರ ಕೈಗೆ ತಪ್ಪು ಕೊಡುವುದು ಬೇಡ. ಆ ವರ್ಷದ ಸಂಚಿಕೆ ರಸ್ತೆಯ ಲೇಖನ ಇಲ್ಲದೆ ಬಂತು.

ರಸ್ತೆಯನ್ನು ತುಂಡು ಮಾಡಿದ್ದು

ಎರಡನೇ ಸಲ ಮೊದಲು ಕಚೇರಿಗಳಿಗೆ ಅಲೆದೆವು. ಹೋದ ಕಡೆಯೆಲ್ಲ ಒಂದೇ ಪ್ರಶ್ನೆ, ಈ ರಾಜ್ಯ ಹೆದ್ದಾರಿ ಯಾವಾಗ ಆಯಿತು? ಒಬ್ಬೊಬ್ಬರು ಒಂದೊಂದು ಹೇಳಿದರು, ಒಂದು ಕಚೇರಿಯಲ್ಲಿ 'ಆ ರಸ್ತೆ ನಮ್ಮದಲ್ಲ' ಅಂದರು. ಆಗ ಬೇಸರ ಆಗಿತ್ತು. ಆಮೇಲೆ ಗೊತ್ತಾಯಿತು, ಅವರು ಹೇಳಿದ್ದು ಸರಿಯೇ ಇತ್ತು, ಕೇಳಿದ ಪ್ರಶ್ನೆಯೇ ತಪ್ಪು.

ನಾವು ಒಂದು ರಸ್ತೆ ಅಂದುಕೊಂಡಿದ್ದು ಒಂದು ರಸ್ತೆ ಅಲ್ಲ. ಜಾಂಬೋಟಿಯಲ್ಲಿ ನಿಂತು ರಾಜ್ಯ ಹೆದ್ದಾರಿ ಯಾವುದು ಅಂತ ಕೇಳಿದರೆ ಜತ್ತ–ಜಾಂಬೋಟಿ ರಸ್ತೆ ತೋರಿಸುತ್ತಾರೆ. ಅದು ಸಾಂಗ್ಲಿ ಜಿಲ್ಲೆಯ ಜತ್ತದ ಕಡೆಯಿಂದ ಅಥಣಿ, ಗೋಕಾಕ ಸೀಮೆ ಹಾಯ್ದು ಖಾನಾಪುರದ ಮೇಲೆ ಬರುವ ದಾರಿ, ಹೆಸರಿನ ಪ್ರಕಾರ ಜಾಂಬೋಟಿಯಲ್ಲಿ ಮುಗಿಯುತ್ತದೆ. ಬೆಳಗಾವಿಯಿಂದ ಬರುವುದು ಬೇರೆ ರಸ್ತೆ. ಜಾಂಬೋಟಿಯಿಂದ ಕಣಕುಂಬಿಗೆ ಹೋಗುವ ತುಂಡಿಗೆ ಬೇರೆ ಚರಿತ್ರೆ. ಘಾಟು ಇನ್ನೊಂದು. ಕೇರಿಯಿಂದ ಸಾಂಖಳಿಗೆ ಹೋಗುವುದು ಗೋವಾದ ಒಳಗಿನ ಹಳೆಯ ಊರುದಾರಿ. ಇವೆಲ್ಲ ಒಂದಕ್ಕೊಂದು ಹೊಲಿಗೆ ಬಿದ್ದು ನಾವು ಈಗ ನಿದ್ದೆ ಮಾಡುತ್ತಾ ದಾಟುವ ಒಂದೇ ದಾರಿ ಆಗಿವೆ. ಈಗ ಬೆಳಗಾವಿ ಕಡೆಯ ಭಾಗಕ್ಕೆ ರಾಷ್ಟ್ರೀಯ ಹೆದ್ದಾರಿ 748ಎಎ ಅಂತ ನಂಬರೂ ಬಂದಿದೆ. ಕಾಕಾ ಬಾಯಲ್ಲಿ ಇದು ಇನ್ನೂ ಹಸಿರು ತಲೆಯ ಕಲ್ಲಿನ ರಸ್ತೆಯೇ. ರಾಜ್ಯ ಹೆದ್ದಾರಿಯ ಕಲ್ಲಿಗೆ ಹಸಿರು ತಲೆ, ರಾಷ್ಟ್ರೀಯ ಹೆದ್ದಾರಿಯದಕ್ಕೆ ಹಳದಿ ತಲೆ, ಅದು ಗಾಡಿ ಓಡಿಸುವವರಿಗೆ ಕಣ್ಣಿಗೆ ಹತ್ತಿದ ಗುರುತು.

ಆಳಿದವರೂ ಬೇರೆ ಬೇರೆ. ಘಟ್ಟದ ಮೇಲಿನ ಭಾಗ ಮೊದಲು ಮುಂಬಯಿ ಪ್ರಾಂತ್ಯ, ಆಮೇಲೆ ಮುಂಬಯಿ ರಾಜ್ಯ, 1956ರ ನವೆಂಬರ್ 1ರಿಂದ ಮೈಸೂರು ರಾಜ್ಯ, 1973ರಿಂದ ಕರ್ನಾಟಕ. ಕೆಳಗಿನದು 1961ರ ಡಿಸೆಂಬರ್ 19ರ ತನಕ ಪೋರ್ಚುಗೀಸರ ಕೈಯಲ್ಲಿ, ಆಮೇಲೆ ಕೇಂದ್ರಾಡಳಿತ, 1987ರ ಮೇ 30ರಿಂದ ರಾಜ್ಯ. ಅದರಲ್ಲೂ 1955ರ ಆಗಸ್ಟ್ 15ರಂದು ಗೋವಾದ ಗಡಿಯಲ್ಲಿ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿದ ಮೇಲೆ ಗಡಿ ಮುಚ್ಚಿತು, ರೈಲೂ ನಿಂತಿತು. ಆರು ವರ್ಷ ಈ ದಾರಿಗೆ ಮೇಲಿನ ತುದಿ ಒಂದು ದೇಶದಲ್ಲಿ, ಕೆಳಗಿನ ತುದಿ ಇನ್ನೊಂದು ದೇಶದಲ್ಲಿ, ನಡುವೆ ಬಾಗಿಲು ಹಾಕಿದ ಹಾಗೆ.

ಹಾಗಾಗಿ ಎರಡನೇ ನಿರ್ಧಾರ, ರಸ್ತೆಯನ್ನು ಐದು ತುಂಡು ಮಾಡಿ ಒಂದೊಂದು ತುಂಡಿಗೆ ಒಂದೊಂದು ವಹಿ ಇಡುವುದು. ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ ಅಂತ ನನಗೆ ಅನ್ನಿಸುತ್ತದೆ. ಅಲ್ಲಿಯವರೆಗೆ ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಸುಳ್ಳು ಅನ್ನಿಸುತ್ತಿತ್ತು. 'ಬಸ್ಸು ಬಹಳ ಹಿಂದೇನೇ ಇತ್ತು' ಅಂದವರು ಕಣಕುಂಬಿ ತನಕದ ಮಾತು ಹೇಳುತ್ತಿದ್ದರು, 'ಬಸ್ಸು ಮೊನ್ನೆ ಮೊನ್ನೆ ಬಂದದ್ದು' ಅಂದವರು ಘಾಟಿನ ಮಾತು. ಇಬ್ಬರದೂ ನಿಜ.

ಹತ್ತೋ ಹದಿನಾರೋ

ಇದು ನಡೆದದ್ದು ಸಾಂಖಳಿ ಹತ್ತಿರದ ಒಂದು ಮನೆಯ ಪಡಸಾಲೆಯಲ್ಲಿ. ಇಬ್ಬರು ಹಿರಿಯರನ್ನು ಒಟ್ಟಿಗೆ ಕೂರಿಸಿದ್ದೆವು. ಒಬ್ಬರು ಖಾನಾಪುರ ತಾಲೂಕಿನವರು, ಎಂಬತ್ತು ದಾಟಿದವರು, ಮಗಳ ಮನೆಗೆ ಬಂದಿದ್ದರು. ಇನ್ನೊಬ್ಬರು ಸತ್ತರಿಯವರು, ಸುಮಾರು ಅದೇ ವಯಸ್ಸು. ಇಬ್ಬರೂ ಹುಡುಗರಾಗಿದ್ದಾಗ ಘಾಟು ಹತ್ತಿ ಇಳಿದವರು.

ಘಾಟಿನ ಹಳೆಯ ಕಾಲುದಾರಿ ಎಷ್ಟು ದೂರ ಇತ್ತು ಅಂತ ಕೇಳಿದೆವು. ಮೇಲಿನವರು ಹತ್ತು ಅಂದರು. ಕೆಳಗಿನವರು ಹದಿನಾರು ಅಂದರು. ಮೇಲಿನವರು ದನಿ ಏರಿಸಿ ಹತ್ತೇ ಅಂದರು, ನಾನು ಉಪ್ಪಿನ ಚೀಲ ಹೊತ್ತು ನಡೆದವನು, ನನಗೆ ಹೇಳಬೇಡಿ ಅಂದರು. ಕೆಳಗಿನವರು ಮಾತು ಬಿಟ್ಟು ಎಲೆ ಅಡಿಕೆ ತಟ್ಟೆ ಪಕ್ಕಕ್ಕೆ ತಳ್ಳಿದರು. ಮಾತುಕತೆ ಮುಗಿದೇ ಹೋಯಿತು ಅಂದುಕೊಂಡೆ ನಾನು.

ಆಗ ಹುಡುಗಿ ಕೇಳಿದಳು, "ಅಜ್ಜಾರ, ಹತ್ತು ಅಂದ್ರ ಹತ್ತು ಏನ್ರೀ?"

"ಏನಂದ್ರ? ಹತ್ತು ಮೈಲಿ."

ಇನ್ನೊಬ್ಬರ ಕಡೆ ತಿರುಗಿ ಕೊಂಕಣಿಯಲ್ಲಿ ಅದನ್ನೇ ಕೇಳಿದಳು. ಅವರು ಕಿಲೋಮೀಟರ್ ಅಂದರು. ಒಂದು ಮೈಲಿ ಅಂದರೆ 1.6 ಕಿಲೋಮೀಟರ್, ಹತ್ತು ಮೈಲಿ ಹದಿನಾರು ಕಿಲೋಮೀಟರ್. ಪೋರ್ಚುಗಲ್ ಹತ್ತೊಂಬತ್ತನೇ ಶತಮಾನದಲ್ಲೇ ಮೀಟರ್ ಲೆಕ್ಕ ಹಿಡಿದಿತ್ತು, ಗೋವಾದವರು ಮೊದಲಿನಿಂದ ಕಿಲೋಮೀಟರಿನಲ್ಲೇ ಬೆಳೆದವರು. ಘಟ್ಟದ ಮೇಲೆ ಮೈಲಿ, ಫರ್ಲಾಂಗು. ಭಾರತದಲ್ಲಿ ಮೀಟರ್ ಪದ್ಧತಿಯ ಕಾಯ್ದೆ ಬಂದದ್ದು 1956ರಲ್ಲಿ, ರಸ್ತೆಗೆ ಅದು ಇಳಿದದ್ದು ಮುಂದಿನ ವರ್ಷಗಳಲ್ಲಿ. ಇಬ್ಬರು ಅಜ್ಜಂದಿರೂ ಒಂದೇ ದಾರಿಯನ್ನು ಸರಿಯಾಗಿಯೇ ನೆನಪಿಟ್ಟಿದ್ದರು.

ಎಲೆ ಅಡಿಕೆ ತಟ್ಟೆ ಮತ್ತೆ ನಡುವೆ ಬಂತು. ಆ ದಿನ ಸಂಜೆವರೆಗೂ ಇಬ್ಬರೂ ಮಾತಾಡಿದರು. ಉಪ್ಪು ಮೇಲೆ ಹೋಗುತ್ತಿತ್ತು, ಅಕ್ಕಿ, ಮೆಣಸಿನಕಾಯಿ, ಬೆಲ್ಲ ಕೆಳಗೆ ಬರುತ್ತಿತ್ತು. ರೈಲು 1880ರ ದಶಕದ ಕೊನೆಯಲ್ಲಿ ಮುರಗಾಂವದಿಂದ ಕ್ಯಾಸಲ್‌ರಾಕ್‌ಗೆ ಹತ್ತಿದ ಮೇಲೆ ದೊಡ್ಡ ಸರಕೆಲ್ಲ ಅತ್ತ ಹೋಯಿತು. 1961ರಲ್ಲಿ ಸೈನ್ಯದ ದೊಡ್ಡ ತುಕಡಿಗಳು ಬಂದದ್ದೂ ದೋಡಾಮಾರ್ಗ ಮತ್ತು ಅನಮೋಡದ ಕಡೆಯಿಂದ. ಚೋರ್ಲಾ ತಲೆಹೊರೆಯವರ ದಾರಿಯಾಗಿ, ನೆಂಟಸ್ತನದ ದಾರಿಯಾಗಿ ಉಳಿಯಿತು. 'ನನ್ನ ಅವ್ವನ ತವರು ಕೆಳಗ' ಅಂದರು ಖಾನಾಪುರದವರು. ಗಡಿ ಮುಚ್ಚಿದ ಆ ಆರು ವರ್ಷದಲ್ಲಿ ಅವರ ಅವ್ವ ತನ್ನ ತಾಯಿಯ ಮುಖ ನೋಡಲಿಲ್ಲವಂತೆ. ಗಡಿ ತೆಗೆಯುವ ಹೊತ್ತಿಗೆ ಆ ತಾಯಿ ಇರಲಿಲ್ಲ. ಇದನ್ನು ಅವರು ಬಹಳ ಸಾದಾ ಹೇಳಿದರು, ಹೇಳಿ ಸುಮ್ನೆ ಕೂತರು. ನಾವೂ ಪೆನ್ನು ಕೆಳಗಿಟ್ಟೆವು.

ಕಲ್ಲು

ಜಾಂಬೋಟಿಯಿಂದ ಮುಂದೆ ಒಂದು ಹಳ್ಳಿ. ಹೆಸರು ಬೇಡ. ರಸ್ತೆ ಪಕ್ಕ ಹಲಸಿನ ಮರದ ಬುಡದಲ್ಲಿ ಒಂದು ಗಿಡ್ಡ ಕಲ್ಲು, ಅರ್ಧ ಮಣ್ಣಿನಲ್ಲಿ. ಅರಿಶಿನ ಕುಂಕುಮ ಎಷ್ಟು ಪದರ ಹಚ್ಚಿದ್ದರು ಅಂದರೆ ಕಲ್ಲಿನ ಬಣ್ಣವೇ ಕಾಣುತ್ತಿರಲಿಲ್ಲ. ಎಣ್ಣೆಯ ಜಿಡ್ಡು, ಒಣಗಿದ ದಾಸವಾಳ, ಒಂದು ಬಳೆ. ಕಾಕಾ ಇಪ್ಪತ್ತು ವರ್ಷದಿಂದ ಅದರ ಮುಂದೆ ಗಾಡಿ ನಿಧಾನ ಮಾಡಿ ಕೈಮುಗಿದು ಹೋಗುವವರು. ಅದರ ತಲೆ ಅರ್ಧ ಗುಂಡಗಿರುವುದನ್ನು ನೋಡಿ ಹುಡುಗಿಗೆ ಅನುಮಾನ ಬಂತು, ಇದು ಮೈಲಿಗಲ್ಲು ಇರಬೇಕು ಅಂತ.

ಅಂಗಡಿಯ ಗೆಳೆಯ ಅಲ್ಲೇ ನೀರು ಹಾಕಿ ಉಜ್ಜಿ ನೋಡೋಣ ಅಂದ. ಯಾರೂ ನೋಡುತ್ತಿರಲಿಲ್ಲ, ಐದು ನಿಮಿಷದ ಕೆಲಸ. ಕಾಕಾ ಬೇಡ ಅಂದರು. ದೇವರನ್ನು ಕೇಳದೆ ಮುಖ ತೊಳೆಸುವುದು ಎಂಥದು? ಎದುರಿನ ಮನೆಯಲ್ಲಿ ಒಬ್ಬ ಮುದುಕಿ ಇದ್ದರು, ಎಲ್ಲರೂ ಆಯಿ ಅನ್ನುತ್ತಾರೆ, ಮಾತು ಮರಾಠಿ. ಕಾಕಾ ಹೋಗಿ ಅವರ ಜಗಲಿಯಲ್ಲಿ ಕೂತು, ಚಹಾ ಕುಡಿದು, ಅವರ ಮೊಮ್ಮಕ್ಕಳ ಶಾಲೆ ವಿಚಾರಿಸಿ, ಆಮೇಲೆ ಕೇಳಿದರು. ಆಯಿ ಹೇಳಿದರು, ಅಮಾವಾಸ್ಯೆಗೆ ನಾನೇ ತೊಳೆಯುತ್ತೇನೆ, ಆವತ್ತು ಬನ್ನಿ.

ಹನ್ನೊಂದು ದಿನ ಕಾದೆವು. ಅಮಾವಾಸ್ಯೆ ಬೆಳಗ್ಗೆ ಆಯಿ ಒಂದು ಕೊಡ ನೀರು, ತೆಂಗಿನ ನಾರು, ಒಂದು ಹಿಡಿ ಬೂದಿ ತಂದರು. ತಾವೇ ಕೂತು ಉಜ್ಜಿದರು. ಮೊದಲು ಕೆಂಪು ನೀರು ಹರಿಯಿತು, ಆಮೇಲೆ ಹಳದಿ, ಆಮೇಲೆ ಕಪ್ಪು. ಕರಿ ಕಲ್ಲು ಕಾಣಿಸಿತು. ಅದರ ಎದೆಯ ಮೇಲೆ ಉಳಿಯಿಂದ ಕೆತ್ತಿದ 2, ಪಕ್ಕದಲ್ಲಿ ಒಂದು ನೆಟ್ಟಗಿನ ಗೀಟು. ಇಪ್ಪತ್ತೊಂದು. ಹುಡುಗಿ ಬೆರಳಿಟ್ಟು ನೋಡಲಾ ಅಂತ ಆಯಿಯನ್ನು ಕೇಳಿ, ಹೂಂ ಅಂದ ಮೇಲೆ ಗೀಟಿನ ಆಳ ಸವರಿ ನೋಡಿದಳು. ಬೆಳಗಾವಿಯಿಂದ ಕಾಕಾನ ಗಾಡಿಯ ಮೀಟರು ಅಲ್ಲಿಗೆ 34 ತೋರಿಸಿತ್ತು. 21 ಮೈಲಿ ಅಂದರೆ 33.8 ಕಿಲೋಮೀಟರ್.

ಇಲ್ಲಿ ನಮಗೆ ಮತ್ತೆ ಮೊದಲಿನ ಆಸೆ ಹುಟ್ಟಿತು. ನೋಡಿ, ಬ್ರಿಟಿಷರ ಕಲ್ಲು ಸಿಕ್ಕಿತು, ಬರೆದುಬಿಡೋಣ ಅಂತ. ಬ್ಯಾಂಕಿನ ಹಿರಿಯರು ತಡೆದರು. ಕಲ್ಲು ಮೈಲಿಯ ಕಾಲದ್ದು ಅಂತ ಹೇಳುತ್ತದೆ, ಅಷ್ಟೇ. ಆ ಕಾಲದಲ್ಲಿ ಈ ರಸ್ತೆಗೆ ಮೂರು ಸರ್ಕಾರ ಆಗಿಹೋಗಿವೆ, ಮುಂಬಯಿ ಪ್ರಾಂತ್ಯ, ಮುಂಬಯಿ ರಾಜ್ಯ, ಮೈಸೂರು ರಾಜ್ಯ. ಮೂವರಲ್ಲಿ ಯಾರು ನೆಟ್ಟರು ಅಂತ 2ಕ್ಕೂ 1ಕ್ಕೂ ಗೊತ್ತಿಲ್ಲ ಅಲ್ವಾ? ನಾವು ಬರೆದದ್ದು ಇಷ್ಟು: 'ಇಲ್ಲಿಯವರೆಗೆ ಅಳತೆ ಹಾಕಿ ಕಲ್ಲು ನೆಟ್ಟ ಸರ್ಕಾರಿ ರಸ್ತೆ ಮೈಲಿಯ ಕಾಲದಲ್ಲೇ ಬಂದಿತ್ತು.' ಒಂದು ಸಾಲು. ಮೊದಲ ಕರಡಿನ ನಾಲ್ಕು ಪುಟಕ್ಕಿಂತ ಆ ಒಂದು ಸಾಲಿನ ಮೇಲೆ ನನಗೆ ಹೆಚ್ಚು ಅಭಿಮಾನ.

ಬರೆದದ್ದು, ಬಿಟ್ಟದ್ದು

ಕದಂಬರ ವಿಷಯ ಬಿಡುವುದು ಕಷ್ಟ ಆಯಿತು. ಗೋವಾದಲ್ಲಿ ಇರುವ ಕನ್ನಡಿಗರಿಗೆ ಅವರ ಮೇಲೆ ಪ್ರೀತಿ ಇರುವುದು ಸಹಜ. ಇಲ್ಲಿನ ಸರ್ಕಾರಿ ಬಸ್ಸಿನ ಹೆಸರೂ ಕದಂಬ. ಗೋವೆಯ ಕದಂಬರು ಚಂದ್ರಪುರ, ಗೋಪಕಪಟ್ಟಣದಿಂದ ಆಳಿದ್ದು, ಖಾನಾಪುರ ತಾಲೂಕಿನ ಹಲಸಿಯೂ ಅವರ ಕೈಯಲ್ಲಿ ಇದ್ದದ್ದು ಶಾಸನಗಳಿಂದ ಗೊತ್ತಿರುವ ಮಾತು. ಅಷ್ಟನ್ನು ಬರೆದೆವು. ಅವರು ಇದೇ ಘಾಟು ಇಳಿದರು ಅನ್ನುವುದನ್ನು ಹೊಡೆದು ಹಾಕಿದೆವು. 'ಕೇರಿ' ಅನ್ನುವ ಊರ ಹೆಸರು ಕನ್ನಡದ್ದೇ ಅಂತ ಒಬ್ಬರು ಹಟ ಹಿಡಿದರು, ಅದನ್ನೂ ಬಿಟ್ಟೆವು.

ಇನ್ನೊಂದು ನಿರ್ಧಾರ ನೀರಿನದು. ಮಹದಾಯಿ ಕಡೆಯ ನೀರನ್ನು ಮಲಪ್ರಭೆಗೆ ತಿರುಗಿಸಲು ತೋಡಿದ, ಎರಡು ರಾಜ್ಯಗಳ ಜಗಳಕ್ಕೆ ಕಾರಣವಾದ ಕಣಕುಂಬಿಯ ಕಳಸಾ ನಾಲೆ ರಸ್ತೆಯಿಂದಲೇ ಕಾಣುತ್ತದೆ. ಅದನ್ನು ಬಿಟ್ಟು ಆ ಊರಿನ ಬಗ್ಗೆ ಬರೆಯುವುದು ಹೇಗೆ? ಆದರೆ ನಾವು ಗೋವಾದಲ್ಲಿ ಅನ್ನ ತಿನ್ನುವವರು, ನಮ್ಮ ಅಪ್ಪ ಅವ್ವ ಮಲಪ್ರಭೆಯ ಕೆಳಗೆ ನೀರಿಗೆ ಕಾಯುವವರು. ಸಭೆಯಲ್ಲಿ ಎರಡು ಗಂಟೆ ಚರ್ಚೆ. ಕೊನೆಗೆ ಕಾಗದದ ಮೇಲಿರುವುದನ್ನಷ್ಟೇ ಹಾಕಿದೆವು. ಮಹದಾಯಿ ನ್ಯಾಯಮಂಡಳಿ ಆದದ್ದು 2010ರಲ್ಲಿ, ತೀರ್ಪು 2018ರ ಆಗಸ್ಟಿನಲ್ಲಿ, ಕರ್ನಾಟಕಕ್ಕೆ 13.42, ಗೋವಾಕ್ಕೆ 24, ಮಹಾರಾಷ್ಟ್ರಕ್ಕೆ 1.33 ಟಿಎಂಸಿ. ಸತ್ತರಿಯ ಮಾಸ್ತರರಿಗೆ ಅಚ್ಚಿಗೆ ಮೊದಲು ತೋರಿಸಿದೆವು. ಅವರು ಆ ಪ್ಯಾರಾವನ್ನು ಎರಡು ಸಲ ಓದಿ, ಒಂದು ಕಾಗುಣಿತ ತಿದ್ದಿ ವಾಪಸು ಕೊಟ್ಟರು.

ಮುಂದಿನ ರಾಜ್ಯೋತ್ಸವಕ್ಕೆ ಲೇಖನ ಬಂತು, ಏಳು ಪುಟ. ಪ್ರತಿ ಸಂಗತಿಯ ಪಕ್ಕ ಅದು ಯಾರ ನೆನಪು ಅಥವಾ ಯಾವ ಕಾಗದ ಅಂತ ಇತ್ತು, ಹೆಸರು ಬೇಡ ಅಂದವರಿಗೆ 'ಕಣಕುಂಬಿ ಕಡೆಯ ಹಿರಿಯರು' ಅಂತ ಹಾಕಿದ್ದೆವು. ಇಂಥ ಕೆಲಸಕ್ಕೆ ಇಳಿಯುವವರಿಗೆ ನಾನು ಹೇಳುವುದು ಇಷ್ಟು: ಊರ ಹೆಸರು ಬಂದ ಕೂಡಲೇ ತಾಲೂಕು ಕೇಳಿ. ಸಂಖ್ಯೆ ಬಂದ ಕೂಡಲೇ ಯಾವ ಅಳತೆ ಕೇಳಿ. ಇಬ್ಬರು ಹಿರಿಯರ ಮಾತು ಹೊಂದದೇ ಹೋದರೆ ಒಬ್ಬರು ಮರೆತಿದ್ದಾರೆ ಅಂತ ತಕ್ಷಣ ತೀರ್ಮಾನ ಮಾಡಬೇಡಿ, ಅವರು ರಸ್ತೆಯ ಬೇರೆ ತುಂಡಿನ ಮಾತು ಆಡುತ್ತಿರಬಹುದು. ಮತ್ತೆ, ಮಳೆಗಾಲದಲ್ಲಿ ಒಮ್ಮೆಯಾದರೂ ಹೋಗಿ. ಘಾಟಿನ ತಿರುವಿನಲ್ಲಿ ಮಣ್ಣು ಕುಸಿದು, ದೊಡ್ಡ ಗಾಡಿಗಳನ್ನು ತಡೆದು, ಎದುರು ಬಂದ ಗಾಡಿಯ ದೀಪವೂ ಮಂಜಿನಲ್ಲಿ ಕಾಣದೆ ನಿಂತಾಗ, ಈ ದಾರಿ ಯಾಕೆ ಇಷ್ಟು ತಡವಾಗಿ ರಸ್ತೆ ಆಯಿತು ಅನ್ನುವುದು ಯಾರೂ ಹೇಳದೆ ತಿಳಿಯುತ್ತದೆ.

ಆಮೇಲೆ ರಸ್ತೆ ಕೆಲಸ ಶುರುವಾಯಿತು. ಅಂಚು ಅಗೆಯುವ ಯಂತ್ರ ಹಳ್ಳಿಗೆ ಬರುವ ಎರಡು ದಿನ ಮೊದಲು ಆಯಿಯ ಮಗ ಕಾಕಾಗೆ ಫೋನ್ ಮಾಡಿದರು. ನಾಲ್ಕು ಜನ ಸೇರಿ ಕಲ್ಲನ್ನು ಅಗೆದು ತೆಗೆದರು. ಮಣ್ಣಿನೊಳಗೆ ಇದ್ದ ಭಾಗ ಮೇಲಿನದಕ್ಕಿಂತ ಉದ್ದ ಇತ್ತು, ಬುಡ ಒರಟಾಗಿ ಹಾಗೇ ಬಿಟ್ಟಿದ್ದರು. ಈಗ ಅದು ಆಯಿಯ ಅಂಗಳದಲ್ಲಿ, ತುಳಸಿ ಕಟ್ಟೆಯ ಪಕ್ಕದಲ್ಲಿದೆ. ಅಮಾವಾಸ್ಯೆಗೆ ತೊಳೆಯುತ್ತಾರೆ, ಮತ್ತೆ ಅರಿಶಿನ ಕುಂಕುಮ ಏರಿದೆ. ಹುಡುಗಿ ಮೂರನೇ ತುಂಡಿನ ವಹಿಯಲ್ಲಿ ಕೊನೆಗೆ ಇದನ್ನು ಬರೆದಿಟ್ಟಿದ್ದಾಳೆ: 'ಕಲ್ಲು 21. ಮೊದಲು ಇದ್ದ ಜಾಗ ಹಲಸಿನ ಮರದ ಬುಡ, ಬೆಳಗಾವಿ ಕಡೆಯ ಮಗ್ಗುಲು. ಮರ ಈಗ ಇಲ್ಲ. ಎದುರಿನ ಮನೆಯ ಬಾಗಿಲಿನಿಂದ ನೆಟ್ಟಗೆ ರಸ್ತೆಗೆ ಇಪ್ಪತ್ತಾರು ಹೆಜ್ಜೆ.'